ಗುರುಗಳ ಹೆಸರು

ನಮ್ಮ ಅಕ್ಕನ ಮೊಮ್ಮಗಳು ಗೋಕಾಕದಲ್ಲಿ ಕಾಲೇಜು ಓದುತ್ತಾಳೆ. ದೀಪಾವಳಿ ಸೂಟಿಯಲ್ಲಿ ಅಲ್ಲಿನ ಕಲ್ಯಾಣ ಮಂಟಪವೊಂದರಲ್ಲಿ ಐದು ದಿನದ ನೃತ್ಯ ಕಾರ್ಯಾಗಾರ ಇತ್ತು, ಬೆಂಗಳೂರಿನಿಂದ ತರಬೇತುದಾರರು ಬರುವವರಿದ್ದರು. ಸೇರುವ ಅರ್ಜಿಯನ್ನು ಆಕೆ ಮೊಬೈಲಿನಲ್ಲಿ ತುಂಬುತ್ತ ನನ್ನ ಪಕ್ಕದಲ್ಲೇ ಕೂತಿದ್ದಳು. ಹೆಸರು, ವಯಸ್ಸು, ಊರು, ರಕ್ತದ ಗುಂಪು, ಹಿಂದೆ ಮೊಣಕಾಲಿಗೆ ಪೆಟ್ಟು ಬಿದ್ದದ್ದುಂಟೇ ಎಂಬುದೆಲ್ಲ ಸರಸರ ಮುಗಿಯಿತು. ‘ಗುರುಗಳ ಹೆಸರು’ ಎಂಬಲ್ಲಿಗೆ ಬಂದು ಬೆರಳು ನಿಂತಿತು.

“ಅಜ್ಜಾ, ಇಲ್ಲೇನ ಬರೀಲಿ? ನಾ ಎಲ್ಲಾ ಯೂಟ್ಯೂಬ್ ನೋಡಿ ಕಲ್ತಾಕಿ. ಸ್ವಲ್ಪ ನಮ್ಮ ಆಯಿ ಹೇಳಿಕೊಟ್ಟಾಳ, ಕಣ್ಣ ಹೆಂಗ ತಿರಗಸಬೇಕು, ಕೈ ಹೆಂಗ ಇಡಬೇಕು ಅಂತ.”

ಆಯಿ ಎಂದರೆ ನನ್ನ ಅಕ್ಕ. ಒಂದು ದಿನವೂ ವೇದಿಕೆ ಹತ್ತದ ಹೆಂಗಸು. ಅವಳಿಗೆ ಕಣ್ಣು ತಿರುಗಿಸುವುದನ್ನು ಹೇಳಿಕೊಟ್ಟವರು ಯಾರು ಎಂಬುದನ್ನು ಬಲ್ಲವರು ಈಗ ಉಳಿದಿರುವುದು ನಾವಿಬ್ಬರೇ. ಹುಡುಗಿ ಆ ಜಾಗವನ್ನು ಖಾಲಿ ಬಿಟ್ಟು ಅರ್ಜಿ ಕಳಿಸಿದಳು. ನನಗೆ ಮಾತ್ರ ಅದನ್ನು ಖಾಲಿ ಬಿಡಲಾಗಲಿಲ್ಲ.

ನಮ್ಮೂರು ಗೋಕಾಕಕ್ಕೂ ಕೌಜಲಗಿಗೂ ನಡುವಿನ ಎರೆ ಸೀಮೆಯದು. ನನ್ನ ಬಾಲ್ಯದಲ್ಲಿ ಅದೆಲ್ಲ ಗೋಕಾಕ ತಾಲೂಕೇ. ಮೂಡಲಗಿ ಎಂದರೆ ಶಿವಬೋಧರಂಗ ಮಠ ಮತ್ತು ದನದ ಸಂತೆ; ತಾಲೂಕು ಕಚೇರಿಯ ಬೋರ್ಡು ಬಂದದ್ದು ಮೊನ್ನೆ ಮೊನ್ನೆ, 2018ರಲ್ಲಿ. ಈ ಸೀಮೆಗೆ ಸೇರಿದ ಎರಡು ಹೆಸರುಗಳನ್ನು ನಮ್ಮ ಹಿರಿಯರು ಕೈಮುಗಿದು ಹೇಳುತ್ತಿದ್ದರು. ಒಂದು ಕುಲಗೋಡ ತಮ್ಮಣ್ಣ, ಇನ್ನೊಂದು ಕೌಜಲಗಿ ನಿಂಗಮ್ಮ. ರಾಯಚೂರು ಕಡೆಯ ಅಪರಾಳ ತಮ್ಮಣ್ಣ ಬರೆದ ಶ್ರೀಕೃಷ್ಣ ಪಾರಿಜಾತವನ್ನು ಹಾಡಿಗೆ, ಆಟಕ್ಕೆ, ನಮ್ಮ ಜನರ ಮಾತಿಗೆ ಒಗ್ಗಿಸಿ ಊರೂರಿಗೆ ಹಬ್ಬಿಸಿದವನು ಕುಲಗೋಡ ತಮ್ಮಣ್ಣ. ಅದನ್ನು ತನ್ನ ಕಂಠದಿಂದ, ಅಭಿನಯದಿಂದ ಮನೆಮಾತಾಗಿಸಿದವಳು ನಿಂಗಮ್ಮ. ಆಕೆಯ ಆಟವನ್ನು ನಾನು ನೋಡಿಲ್ಲ. ನೋಡಿದವರು ಅದನ್ನು ಹೇಳುವಾಗ ಎದ್ದು ನಿಂತು ಹೇಳುತ್ತಿದ್ದರು, ಕೂತು ಹೇಳಿದವರನ್ನು ನಾನು ಕಂಡಿಲ್ಲ.

ಪಾರಿಜಾತದ ಕಥೆ ಚಿಕ್ಕದು. ನಾರದ ತಂದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಡುತ್ತಾನೆ, ಸತ್ಯಭಾಮೆ ಸಿಟ್ಟಾಗುತ್ತಾಳೆ, ದೂತಿ ಇಬ್ಬರ ನಡುವೆ ಓಡಾಡುತ್ತಾಳೆ. ಇಷ್ಟಕ್ಕೇ ರಾತ್ರಿಯೊಂದು ಸಾಲುತ್ತಿರಲಿಲ್ಲ. ಮೊದಲು ಗಣಪತಿ ಸ್ತುತಿ, ಆಮೇಲೆ ಮೊಸರು ಮಾರಲು ಬಂದ ಗೊಲ್ಲತಿಯನ್ನು ಕೃಷ್ಣ ಅಡ್ಡಗಟ್ಟುವ ಪ್ರಸಂಗ, ನಡುನಡುವೆ ಭಾಗವತನ ಚೇಷ್ಟೆ. ಸತ್ಯಭಾಮೆ ಬರುವ ಹೊತ್ತಿಗೆ ನಡುರಾತ್ರಿ ದಾಟಿರುತ್ತಿತ್ತು. ಮಕ್ಕಳಾದ ನಮ್ಮನ್ನು ತಾಯಂದಿರು ಆಗ ಬಡಿದು ಎಬ್ಬಿಸುತ್ತಿದ್ದರು: “ಏಳ, ಭಾಮಿ ಬಂದ್ಲು.”

ಆಟಕ್ಕಿಂತ ಹೆಚ್ಚು ನನಗೆ ಗೊತ್ತಿದ್ದದ್ದು ತಾಲೀಮು. ಜೋಳದ ರಾಶಿ ಮುಗಿದು ಕೈಗೆ ಬಿಡುವಾದಾಗ ಊರ ಹಿರಿಯರು ಬೇರೆ ಊರಿನ ಮಾಸ್ತರರೊಬ್ಬರಿಗೆ ವೀಳ್ಯ ಕೊಟ್ಟು ಕರೆತರುತ್ತಿದ್ದರು. ಮಾಸ್ತರರು ಎರಡು ಮೂರು ತಿಂಗಳು ಊರಲ್ಲೇ ಠಿಕಾಣಿ. ಊಟ ಮನೆಗೊಂದು ದಿನ. ಸಂಬಳ ಒಂದಿಷ್ಟು ರೊಕ್ಕ, ಒಂದಿಷ್ಟು ಜೋಳ, ಆಟದ ರಾತ್ರಿ ಒಂದು ಪಟಕಾ ಮತ್ತು ಧೋತರ. ಹಗಲು ಮಲಗಿ ರಾತ್ರಿ ಊಟವಾದ ಮೇಲೆ ಹನುಮಂತದೇವರ ಗುಡಿಯಲ್ಲಿ ಕಂದೀಲು ಹಚ್ಚಿ ಕೂರುತ್ತಿದ್ದರು. ಹೊಲದಲ್ಲಿ ದುಡಿದು ಬಂದ ಗಂಡಸರು ಒಬ್ಬೊಬ್ಬರಾಗಿ ಸೇರುತ್ತಿದ್ದರು.

ಕೃಷ್ಣನ ಪಾತ್ರ ಮಾಡುವವನಿಗೆ ಅಕ್ಷರ ಬರುತ್ತಿರಲಿಲ್ಲ. ನಾರದನಿಗೆ ಸಹಿ ಮಾತ್ರ ಬರುತ್ತಿತ್ತು. ಹೀಗಾಗಿ ಸಾಲಿಗೆ ಹೋಗುವ ನನ್ನನ್ನು ವಹಿ ಓದಲು ಕೂರಿಸಿದ್ದರು. ಕೆಂಪು ಬಟ್ಟೆಯ ರಟ್ಟು ಹಾಕಿದ, ಎಣ್ಣೆ ಬೆರಳಿನ ಗುರುತು ಬಿದ್ದ ಉದ್ದನೆಯ ವಹಿ. ನಾನು ಒಂದು ನುಡಿ ಓದುವುದು, ಪಾತ್ರಧಾರಿ ಅದನ್ನು ತಿರುಗಿ ಹೇಳುವುದು, ಪೇಟಿಯವನು ಸ್ವರ ಹಿಡಿಯುವುದು. ಒಂದು ನುಡಿ ಕೂತಿತು ಎಂದು ಮಾಸ್ತರರು ಒಪ್ಪಲು ಕೆಲವೊಮ್ಮೆ ರಾತ್ರಿಯೆಲ್ಲ ಬೇಕಾಗುತ್ತಿತ್ತು. ಹೆಜ್ಜೆ ಅದರ ನಂತರ. ಹಾಡು ಬಾಯಲ್ಲಿ ಕೂರುವ ತನಕ ಕಾಲು ಎತ್ತುವಂತಿಲ್ಲ ಎಂಬುದು ಅವರ ಕಟ್ಟಳೆ.

ಹೆಜ್ಜೆ ಎಂದರೂ ದೊಡ್ಡಾಟದ ಹಾಗೆ ಅಟ್ಟ ನಡುಗಿಸುವ ಕುಣಿತವಲ್ಲ. ದೊಡ್ಡಾಟದಲ್ಲಿ ಭುಜಕೀರ್ತಿ, ಎದೆಗವಚ ಕಟ್ಟಿಕೊಂಡ ವೀರರು ಹಾರಿ ಹಾರಿ ಕುಣಿಯುತ್ತಾರೆ. ಪಾರಿಜಾತದಲ್ಲಿ ಹಾಡೇ ಯಜಮಾನ. ಪಲ್ಲವಿ ಮುಗಿದು ಹಿಮ್ಮೇಳ ಎತ್ತಿಕೊಂಡಾಗ ಒಂದು ಸುತ್ತು, ಸುತ್ತು ಮುಗಿಯುವಲ್ಲಿ ಗೆಜ್ಜೆಯ ಒಂದು ತಟ್ಟು, ಆಮೇಲೆ ಮುಖ ಓರೆ ಮಾಡಿ ಒಂದು ನಿಲುವು. ಅಷ್ಟೇ. ಆ ನಿಲುವಿನಲ್ಲೇ ಸಿಟ್ಟು, ಠೇಂಕಾರ, ಒಳಗಿನ ಅಳು ಮೂರೂ ಕಾಣಬೇಕು. ನಮ್ಮ ಮಾಸ್ತರರು ಕೈಯಲ್ಲಿ ಹಿಡಿದ ಕೋಲಿನಿಂದ ಹಲಗೆಯ ಮೇಲೆ ಲೆಕ್ಕ ಬಡಿಯುತ್ತಿದ್ದರು. ತಪ್ಪಿದವನ ಮೀನಗಂಡಕ್ಕೂ ಅದೇ ಕೋಲು ಬೀಳುತ್ತಿತ್ತು. ಮನೆಯಲ್ಲಿ ಯಾರ ಮಾತೂ ಕೇಳದ ಗಟ್ಟಿ ಆಳುಗಳು ಅಲ್ಲಿ ಹೊಡೆಸಿಕೊಂಡು ಸುಮ್ಮನೆ ನಿಂತು ಮತ್ತೆ ಹೆಜ್ಜೆ ಹಾಕುತ್ತಿದ್ದರು. ಈಗ ಯಾರಾದರೂ ಹಾಗೆ ಕಲಿಸಿದರೆ ನಾನೇ ಮೊದಲು ಬೇಡ ಎನ್ನುತ್ತೇನೆ. ಹೊಡೆತ ಬಿಟ್ಟು ಉಳಿದದ್ದನ್ನು ನೋಡಿದರೆ, ಅಷ್ಟು ನಿಧಾನವಾಗಿ, ಅಷ್ಟು ಕಟ್ಟುನಿಟ್ಟಾಗಿ ಒಂದು ಕಲೆಯನ್ನು ಕಲಿಸುವ ಜಾಗವನ್ನು ನಾನು ಆಮೇಲೆ ಎಲ್ಲೂ ಕಾಣಲಿಲ್ಲ.

ತಾಲೀಮಿನಲ್ಲಿ ಕಡೆಯ ತನಕ ಒಂದು ಜಾಗ ಖಾಲಿ ಇರುತ್ತಿತ್ತು. ಸತ್ಯಭಾಮೆಯದು. ಆ ಪಾತ್ರಕ್ಕೆ ಹೊರಗಿನಿಂದ ಹೆಣ್ಣುಮಗಳನ್ನು ಗೊತ್ತುಮಾಡಿ ಕರೆಸುವುದು ನಮ್ಮೂರ ರೂಢಿ. ಆಟಕ್ಕೆ ವಾರ ಇದೆ ಎನ್ನುವಾಗ ಆಕೆ ಬರುತ್ತಿದ್ದಳು. ಜೊತೆಗೆ ಒಂದು ತಗಡಿನ ಟ್ರಂಕು, ಮುದಿ ತಾಯಿ. ಆಕೆಯ ಸ್ವಂತ ಹೆಸರು ನಮ್ಮೂರಲ್ಲಿ ಯಾರೂ ಕೇಳಿದ್ದಿಲ್ಲ. ಎಲ್ಲರ ಬಾಯಲ್ಲೂ ಭಾಮವ್ವ. ಸಣ್ಣ ವಯಸ್ಸಿನಲ್ಲೇ ಯಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡವಳು, ದೇವದಾಸಿ, ಎಂಬುದನ್ನು ಮಾತ್ರ ಎಲ್ಲರೂ ತಿಳಿದಿದ್ದರು, ಅದನ್ನು ಮಾತ್ರ ಮರೆಯುತ್ತಿರಲಿಲ್ಲ.

ಆಕೆ ಬಂದ ರಾತ್ರಿ ಗುಡಿಯ ಕಟ್ಟೆಯೇ ಬದಲಾಗುತ್ತಿತ್ತು. ಮಾಸ್ತರರು ಕೋಲು ಕೆಳಗಿಡುತ್ತಿದ್ದರು. ವಹಿ ಆಕೆಗೆ ಬೇಕಾಗಿರಲಿಲ್ಲ. ಇಡೀ ಪಾರಿಜಾತ, ತನ್ನ ಮಾತಷ್ಟೇ ಅಲ್ಲ, ಕೃಷ್ಣನದು ದೂತಿಯದು ಎಲ್ಲ ಆಕೆಯ ಬಾಯಲ್ಲಿತ್ತು. ತಾಯಿಯಿಂದ ಕಲಿತದ್ದು. ಎಲ್ಲಾದರೂ ನಾನು ಓದಿದ ಸಾಲು ತನಗೆ ಗೊತ್ತಿದ್ದದ್ದಕ್ಕಿಂತ ಬೇರೆ ಇದ್ದರೆ “ಅಲ್ಲಿ ಹಂಗಿಲ್ಲಪ್ಪಾ ತಮ್ಮಾ, ನಿನ್ನ ವಹ್ಯಾಗ ತಪ್ಪ ಬರದಾರ” ಎನ್ನುತ್ತಿದ್ದಳು. ಮಾಸ್ತರರು ಪೆನ್ಸಿಲು ತರಿಸಿ ತಿದ್ದಿಸುತ್ತಿದ್ದರು. ಹೀಗೆ ಆ ವಹಿಯಲ್ಲಿ ನನ್ನ ಕೈಬರಹದಲ್ಲಿ ಆಕೆಯ ತಿದ್ದುಪಡಿಗಳು ಸೇರಿದವು. ವಹಿಯ ಮೊದಲ ಹಾಳೆಯಲ್ಲಿ ಮಾಸ್ತರರ ಹೆಸರಿತ್ತು, ಬರೆಸಿದ ಗೌಡರ ಹೆಸರಿತ್ತು, ತಾರೀಖಿತ್ತು. ಆಕೆಯ ಹೆಸರಿಗೆ ಅಲ್ಲಿ ಜಾಗ ಇರಲಿಲ್ಲ.

ಹಗಲು ಆಕೆ ನಮ್ಮ ಹಿತ್ತಲ ಕಡೆ ಬರುತ್ತಿದ್ದಳು. ನೀರಿಗೆ, ಒಮ್ಮೊಮ್ಮೆ ಮಜ್ಜಿಗೆಗೆ. ಅವ್ವ ಮೇಲಿನಿಂದ ಸುರಿಯುತ್ತಿದ್ದಳು, ಆಕೆ ಬೊಗಸೆಯೊಡ್ಡುತ್ತಿದ್ದಳು. ಚಹಾ ಕೊಟ್ಟರೆ ಗೋಡೆಯ ಗೂಡಿನಲ್ಲಿ ಬೇರೆ ಇಟ್ಟಿದ್ದ ಬಸಿಯಲ್ಲಿ. ಹಿಂದಿನ ರಾತ್ರಿ ಆಕೆಯ ಹಾಡಿಗೆ ತಲೆದೂಗಿ, ಹೆಸರು ಕೂಗಿಸಿ ಆಯಾರ ಮಾಡಿದ ನಮ್ಮ ಕಾಕಾನೂ ಹಗಲಲ್ಲಿ ಆಕೆ ಎದುರಾದರೆ ಮುಖ ತಿರುವಿ ಹೋಗುತ್ತಿದ್ದ. ಮಗುವಾಗಿದ್ದಾಗ ಇದೆಲ್ಲ ನನಗೆ ಊರಿನ ರೀತಿ ಎಂದೇ ಅನಿಸಿತ್ತು. ಈಗ ನೆನೆದರೆ ಮೈ ಉರಿಯುತ್ತದೆ. ನಮ್ಮ ಸೀಮೆಯ ಕಲೆ ಎಷ್ಟು ದೊಡ್ಡದು ಎಂದು ಎದೆಯುಬ್ಬಿಸಿ ಹೇಳುವವರೆಲ್ಲ ಈ ಬಸಿಯ ಮಾತನ್ನೂ ಹೇಳಬೇಕು.

ಅಕ್ಕನಿಗೆ ಆಗ ಹದಿಮೂರೋ ಹದಿನಾಲ್ಕೋ. ಮೈನೆರೆದ ಹುಡುಗಿ ಎಂದು ಸಾಲಿ ಬಿಡಿಸಿದ್ದರು, ತಾಲೀಮಿನ ಗುಡಿಯ ಹತ್ತಿರ ಸುಳಿಯುವಂತಿರಲಿಲ್ಲ. ಆದರೆ ಹಾಡೆಲ್ಲ ಆಕೆಗೆ ಗೋಡೆಯಾಚೆಯಿಂದ ಕೇಳಿ ಕೇಳಿ ಬಂದಿತ್ತು. ಒಂದು ಮಧ್ಯಾಹ್ನ ಅವ್ವ ಹೊಲಕ್ಕೆ ಹೋಗಿದ್ದಾಗ ಅಕ್ಕ ಹಿತ್ತಲಲ್ಲಿ ಕುಳ್ಳು ತಟ್ಟುತ್ತ ಭಾಮೆಯ ಹಾಡು ಹೇಳಿಕೊಳ್ಳುತ್ತಿದ್ದಳು. ಬೇಲಿಯಾಚೆ ಕೊಡ ಇಟ್ಟು ನಿಂತಿದ್ದ ಭಾಮವ್ವ ಒಳಗೆ ಬಂದು “ಹಾಡ ಚೊಲೊ ಐತವಾ, ಕಣ್ಣ ಸುಮ್ಮಕ ಕುಂತಾವಲ್ಲ” ಎಂದಳು. ಸೆಗಣಿ ಕೈಯಲ್ಲೇ ಅಕ್ಕನನ್ನು ನಿಲ್ಲಿಸಿದಳು. ಸಿಟ್ಟು ಮೊದಲು ಕಾಲಿಗೆ ಬರಬೇಕು, ಅಲ್ಲಿಂದ ಸೊಂಟಕ್ಕೆ ಏರಬೇಕು, ಕುತ್ತಿಗೆಯಲ್ಲಿ ತಿರುಗಬೇಕು, ಕಡೆಗೆ ಕಣ್ಣಿಗೆ ಬರಬೇಕು. ಕಣ್ಣಿಗೇ ಮೊದಲು ಬಂದರೆ ಅದು ಜಗಳ, ಆಟವಲ್ಲ, ಎಂದು ಹೇಳಿಕೊಟ್ಟಳು. ಅಕ್ಕನನ್ನು ಮುಟ್ಟದೆ, ಎದುರು ನಿಂತು ತಾನು ಮಾಡಿ ತೋರಿಸಿ ಕಲಿಸಿದಳು. ಮುಟ್ಟಿದರೆ ಮನೆಯವರು ಏನಂದಾರು ಎಂಬುದು ಆಕೆಗೆ ಗೊತ್ತಿತ್ತು.

ಆ ವಾರದಲ್ಲಿ ಅದು ಮತ್ತೆಯೂ ನಡೆಯಿತು, ಮರುವರ್ಷವೂ. ಕಾವಲು ನಾನು. ಒಮ್ಮೆ ಅಜ್ಜಿ ಕಂಡುಬಿಟ್ಟಳು. ಬೈದದ್ದು ಭಾಮವ್ವನನ್ನಲ್ಲ, ಅಕ್ಕನನ್ನು. ಮುಂದಿನ ವೈಶಾಖದಲ್ಲಿ ಅಕ್ಕನ ಮದುವೆಯಾಯಿತು. ಆಕೆಯ ಕುಣಿತದ ಕಲಿಕೆ ಅಲ್ಲಿಗೆ ಮುಗಿಯಿತು ಎಂದೇ ನಾನು ತಿಳಿದಿದ್ದೆ.

ಹೈಸ್ಕೂಲಿಗೆ ನಾನು ಗೋಕಾಕಕ್ಕೆ ಬಂದೆ. ಘಟಪ್ರಭೆ ಧುಮುಕುವ ಫಾಲ್ಸಿನ ಪಕ್ಕದ ನೂಲಿನ ಗಿರಣಿ 1885ರಿಂದ ಇದ್ದದ್ದು. ಗಿರಣಿಯ ಭೋಂಗಾ, ಕರದಂಟಿನ ಅಂಗಡಿ, ಬಣ್ಣದ ಕಟ್ಟಿಗೆಯ ಗೊಂಬೆ, ಟಾಕೀಸು. ಜಾತ್ರೆಗೆ ಕಂಪನಿ ನಾಟಕಗಳು ಬರುತ್ತಿದ್ದವು. ಅಲ್ಲಿ ಕುಣಿತ ಎಂದರೆ ಎರಡು ಅಂಕಗಳ ನಡುವೆ ಸಿನಿಮಾ ಹಾಡಿಗೆ ಬರುವ ಒಂದು ಡ್ಯಾನ್ಸು. ಊರಲ್ಲಿ ಪಾರಿಜಾತಕ್ಕೆ ಬರುತ್ತಿದ್ದವರೇ ಇಲ್ಲಿ ಟಿಕೆಟು ತೆಗೆದು ಕೂರುವುದನ್ನು ಕಂಡೆ. ಒಂದೆರಡು ವರ್ಷದಲ್ಲಿ ನಮ್ಮೂರ ತಾಲೀಮು ನಿಂತಿತು. ಬರಗಾಲ ಒಂದು ಕಾರಣ, ಹಿರಿಯರ ಜಗಳ ಇನ್ನೊಂದು. ರಾತ್ರಿ ಕಾಯುವ ಜನ ಕಡಿಮೆಯಾದದ್ದು ಎಲ್ಲಕ್ಕಿಂತ ದೊಡ್ಡದು.

ಎಪ್ಪತ್ತರ ದಶಕದ ನಡುವೆ ನನಗೆ ಹುಕ್ಕೇರಿ ತಾಲೂಕಿನ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ನೌಕರಿ ಸಿಕ್ಕಿತು. ಹೊಸ ಮಾಸ್ತರನಿಗೆ ಮೊದಲು ಬೀಳುವ ಕೆಲಸ ಗ್ಯಾದರಿಂಗು. ಹುಡುಗರಿಗೆ ಲೇಜಿಮು ಸಲೀಸು. ಹುಡುಗಿಯರಿಗೆ ಕೋಲಾಟ ನಡೆಯುತ್ತಿತ್ತು. ಕೋಲಾಟ ಹಬ್ಬದ್ದು, ದೇವರದ್ದು ಎಂದು ತಂದೆತಾಯಿ ಒಪ್ಪುತ್ತಿದ್ದರು. ಏಳನೆಯ ತರಗತಿಯ ಹುಡುಗಿಯೊಬ್ಬಳಿಗೆ ಹಾಡೊಂದಕ್ಕೆ ಒಬ್ಬಳೇ ಅಭಿನಯ ಮಾಡುವುದನ್ನು ಕಲಿಸಲು ಹೊರಟಾಗ ಅವಳ ತಂದೆ ಶಾಲೆಯ ಬಾಗಿಲಿಗೆ ಬಂದು ನಿಂತರು. ಸಿಟ್ಟಿರಲಿಲ್ಲ, ಬೇಡಿಕೊಳ್ಳುವ ದನಿ. “ಮಾಸ್ತರ, ಗುಂಪಿನ್ಯಾಗ ಇದ್ರ ಇರಲ್ರೀ. ಒಬ್ಬಾಕೆನ ಕುಣದ್ರ ನಾಳಿ ಯಾರ ಮಾಡ್ಕೊಂಡಾರ್ರೀ ನಮ್ಮ ಹುಡಿಗಿನ್ನ?” ಅವರ ಭಯದ ಬೇರು ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಒಬ್ಬಳೇ ಕುಣಿಯುವ ಹೆಣ್ಣು ಎಂದರೆ ಮುತ್ತು ಕಟ್ಟಿಸಿಕೊಂಡವಳು ಎಂದು ಈ ಸೀಮೆ ತೀರ್ಮಾನಿಸಿಬಿಟ್ಟಿತ್ತು. ಕುಣಿದವಳಿಗೆ ಮನೆಯಿಲ್ಲ, ಮನೆಯಿದ್ದವಳಿಗೆ ಕುಣಿತವಿಲ್ಲ. ಅಕ್ಕನನ್ನೂ ಭಾಮವ್ವನನ್ನೂ ಆಚೀಚೆ ನಿಲ್ಲಿಸಿದ್ದ ಬೇಲಿ ಅದೇ.

ಹುಕ್ಕೇರಿ ತಾಲೂಕಿನಲ್ಲೇ ಘೋಡಗೇರಿ ಇದೆ. ಚಂದ್ರಶೇಖರ ಕಂಬಾರರು 1937ರಲ್ಲಿ ಹುಟ್ಟಿದ ಊರು. ಅವರ ‘ಜೋಕುಮಾರಸ್ವಾಮಿ’ 1972ರಲ್ಲಿ ಬಂತು. ಬಯಲಾಟದ ಹಾಡು, ಕುಣಿತ, ಮಾತಿನ ಮೋಡಿ ಎಲ್ಲವೂ ಬೆಂಗಳೂರಿನ ರಂಗಕ್ಕೆ ಹೋದವು. ನಮ್ಮ ಸೀಮೆಯ ಆಟಗಳನ್ನು ಕುರಿತು ಅವರು ‘ಉತ್ತರ ಕರ್ನಾಟಕದ ಜನಪದ ರಂಗಭೂಮಿ’ ಎಂಬ ಗ್ರಂಥವನ್ನೇ ಬರೆದರು. ಕೆಲವು ವರ್ಷಗಳ ಮೇಲೆ ಶಿಕ್ಷಕರಿಗಾಗಿ ನಡೆದ ರಂಗ ಶಿಬಿರವೊಂದಕ್ಕೆ ನನ್ನನ್ನು ಕಳಿಸಿದರು. ಕಲಿಸಲು ಬಂದವರು ದಕ್ಷಿಣದ ಊರಿನ ತರುಣ. ಮೊದಲ ದಿನವೇ ನಮ್ಮನ್ನು ವೃತ್ತದಲ್ಲಿ ನಿಲ್ಲಿಸಿ ಪಾರಿಜಾತದಂಥ ಸಣ್ಣಾಟದ ಹೆಜ್ಜೆ ಹಾಕಿಸಿದರು. ಹೆಜ್ಜೆ ಸರಿಯಾಗಿತ್ತು. ಸುತ್ತು ಮುಗಿಯುವಲ್ಲಿ ಗೆಜ್ಜೆಯ ತಟ್ಟು ಎಲ್ಲಿ ಬೀಳಬೇಕೋ ಅಲ್ಲೇ ಬಿತ್ತು. ನಮ್ಮ ಗುಡಿಯಲ್ಲಿ ಕಂದೀಲು ಆರಿ ಎಷ್ಟೋ ವರ್ಷವಾಗಿತ್ತು, ಅದರ ಹೆಜ್ಜೆ ಊರೂರು ಸುತ್ತಿ ಶಿಬಿರದ ಪಾಠವಾಗಿ ನನ್ನ ಕಾಲಿಗೇ ಬಂದಿತ್ತು. ನನಗೆ ಕಣ್ಣು ತುಂಬಿ ಬಂತು. ಅದನ್ನು ಕಂಡ ಆ ತರುಣ “ನಿಮಗೆ ಇದು ಗೊತ್ತಿರಬೇಕಲ್ಲ ಸರ್, ಯಾರ ಹತ್ತಿರ ಕಲಿತಿರಿ?” ಎಂದು ಕೇಳಿದರು. ನಾನು ಮಾಸ್ತರರ ಹೆಸರು ಹೇಳಿದೆ, ಭಾಮವ್ವನ ಕಥೆಯನ್ನೂ ಹೇಳಿದೆ. ಆ ಶಿಬಿರದಲ್ಲಿ ಪಾರಿಜಾತ ಬಲ್ಲ ಹಿರಿಯರು ಒಬ್ಬರೂ ಇರಲಿಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಆಗಿನ್ನೂ ಎಷ್ಟೋ ಜನ ಬದುಕಿದ್ದರು.

ಭಾಮವ್ವನನ್ನು ನಾನು ಮತ್ತೆ ಕಂಡದ್ದು ತೊಂಬತ್ತರ ದಶಕದ ಕೊನೆಗೆ, ಘಟಪ್ರಭಾ ಬಸ್ ಸ್ಟ್ಯಾಂಡಿನಲ್ಲಿ. ಗುರುತು ಹಿಡಿದದ್ದು ನಿಂತ ರೀತಿಯಿಂದ. ತಲೆ ಹಣ್ಣಾಗಿತ್ತು, ಕುತ್ತಿಗೆ ಮಾತ್ರ ಆ ಓರೆಯಲ್ಲೇ ಇತ್ತು. ವಹಿ ಓದುತ್ತಿದ್ದ ಹುಡುಗ ಎಂದು ಹೇಳಿದ ಮೇಲೆ “ಅಕ್ಕ ಹೆಂಗ ಅದಾಳಪಾ?” ಎಂದೇ ಮೊದಲು ಕೇಳಿದಳು. ಮುತ್ತು ಕಟ್ಟುವುದನ್ನು ನಿಷೇಧಿಸಿ ಕರ್ನಾಟಕ ಸರ್ಕಾರ 1982ರಲ್ಲೇ ಕಾನೂನು ಮಾಡಿತ್ತು. ಅದು ಊರುಗಳಿಗೆ ಇಳಿದದ್ದು ಮಾತ್ರ ನಿಧಾನಕ್ಕೆ, ಆ ಹೆಣ್ಣುಮಕ್ಕಳೇ ಸಂಘಟಿತರಾಗಿ ನಿಂತ ಮೇಲೆ. ಘಟಪ್ರಭೆಯಲ್ಲಿ 1997ರಲ್ಲಿ ಅವರದೇ ಸಂಸ್ಥೆ ‘ಮಾಸ್’ ಹುಟ್ಟಿತು. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿಯವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಈ ಸೀಮೆಯ ನಾವೆಲ್ಲ ಎದ್ದು ನಿಲ್ಲಬೇಕಾದ ದಿನ ಎಂದು ನನಗನಿಸಿತು. ಭಾಮವ್ವ ತನ್ನ ಮಗಳಿಗೆ ಮುತ್ತು ಕಟ್ಟಿಸಲಿಲ್ಲ. ಓದಿಸಿದಳು, ಮದುವೆ ಮಾಡಿದಳು. ಅದರ ಜೊತೆಗೆ ಹಾಡನ್ನೂ ಕಲಿಸಲಿಲ್ಲ. “ಎರಡೂ ಕೂಡೇ ಬಂದಿದ್ದುವು, ಕೂಡೇ ಹೋಗಲಿ ಬಿಡು” ಎಂದಳು. ಆ ಮಾತಿಗೆ ನಾನು ಎದುರು ಹೇಳಲಿಲ್ಲ. ಹೇಳುವ ಹಕ್ಕು ನನಗೂ ಇರಲಿಲ್ಲ, ಕಲೆ ನಶಿಸಿತು ಎಂದು ಅಳುವ ಯಾರಿಗೂ ಇಲ್ಲ.

ಕಷ್ಟದಲ್ಲಿರುವ ವಯಸ್ಸಾದ ಕಲಾವಿದರಿಗೆ ಸರ್ಕಾರದ ಮಾಸಾಶನ ಇದೆ. ಅದಕ್ಕೆ ಅರ್ಜಿ ಹಾಕೋಣ ಎಂದು ನಾನೇ ಕಾಗದ ಸೇರಿಸಲು ಕೂತೆ. ಎಷ್ಟು ವರ್ಷದಿಂದ ಕಲಾಸೇವೆ, ಎಲ್ಲೆಲ್ಲಿ ಪ್ರದರ್ಶನ, ಆಮಂತ್ರಣ ಪತ್ರಿಕೆ, ಪ್ರಮಾಣಪತ್ರ, ಫೋಟೊ. ನೂರಾರು ರಾತ್ರಿ ಹಾಡಿದವಳ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ಆಕೆಯ ಕಾಲದಲ್ಲಿ ಆಟಕ್ಕೆ ಡಂಗುರ ಸಾರುತ್ತಿದ್ದರು, ಪತ್ರಿಕೆ ಎಲ್ಲಿಯದು? ರೇಷನ್ ಕಾರ್ಡಿನಲ್ಲಿದ್ದ ಹೆಸರು ಆಟ ನೋಡಿದ ಯಾರಿಗೂ ಗೊತ್ತಿರದ ಹೆಸರು. ನಮ್ಮೂರ ಕೆಂಪು ರಟ್ಟಿನ ವಹಿ ಸಿಕ್ಕರೆ ಸಾಕ್ಷಿಯಾದೀತು ಎಂದು ಹುಡುಕಿಸಿದೆ. ಗೌಡರ ಮನೆ ಕೆಡವಿ ಕಟ್ಟುವಾಗ ಅದು ಹೋಗಿತ್ತು. ಸಿಕ್ಕಿದ್ದರೂ ಅದರಲ್ಲಿ ಆಕೆಯ ಹೆಸರಿರಲಿಲ್ಲ. ನೋಡಿದವರ ಹೇಳಿಕೆಗಳನ್ನು ಬರೆಸಿ ಸಹಿ ಹಾಕಿಸಿ ಕೊಟ್ಟೆ. ಅರ್ಜಿ ಕಚೇರಿಯೊಂದರಿಂದ ಇನ್ನೊಂದಕ್ಕೆ ಹೋಗುತ್ತಿರುವಾಗಲೇ ಭಾಮವ್ವ ತೀರಿಕೊಂಡಳು. ಅಕ್ಕನಿಗೆ ಹೇಳಿದಾಗ ಆಕೆ ಏನೂ ಆಡಲಿಲ್ಲ. ಆ ಸಂಜೆ ಸ್ನಾನ ಮಾಡಿ ಒಪ್ಪತ್ತು ಉಪವಾಸ ಇದ್ದಳು. ಗುರು ತೀರಿದಾಗ ಮಾಡುವುದನ್ನು ಮಾಡಿದಳು ಎಂದು ನಾನು ತಿಳಿದೆ.

ಇಷ್ಟೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಮೊಮ್ಮಗಳ ಕಾರ್ಯಾಗಾರ ನೋಡಲು ಹೋದೆ. ಹುಡುಗಿಯರೇ ಹೆಚ್ಚು. ಗೋಕಾಕದವರು, ಮೂಡಲಗಿ ಕಡೆಯವರು, ಹುಕ್ಕೇರಿ ಸಂಕೇಶ್ವರದಿಂದ ಬೆಳಗಿನ ಬಸ್ಸಿಗೆ ಬಂದವರು. ತಾಯಂದಿರು ಕುರ್ಚಿಯ ಮೇಲೆ ಕೂತು ಮಕ್ಕಳ ಕುಣಿತವನ್ನು ಮೊಬೈಲಿನಲ್ಲಿ ಹಿಡಿಯುತ್ತಿದ್ದರು. ಎಲ್ಲ ಕೇರಿಯ, ಎಲ್ಲ ಜಾತಿಯ, ಎಲ್ಲ ಧರ್ಮದ ಹುಡುಗಿಯರು ಒಂದೇ ಸಾಲಿನಲ್ಲಿ ನಿಂತು ಒಂದೇ ಬಾಟಲಿಯ ನೀರು ಕುಡಿಯುತ್ತಿದ್ದರು. ನಮ್ಮ ಹಿತ್ತಲಿನ ಬೊಗಸೆ ನೀರು ಕಂಡ ನನಗೆ ಇದಕ್ಕಿಂತ ದೊಡ್ಡ ಬದಲಾವಣೆ ಬೇರೆ ಬೇಕಿಲ್ಲ. ಹಿಂದಿನದೇ ಚಂದವಿತ್ತು ಎನ್ನುವ ನನ್ನ ವಯಸ್ಸಿನವರ ಮಾತಿಗೆ ನಾನು ಇನ್ನು ತಲೆಯಾಡಿಸಲಾರೆ.

ಕಲಿಸುವ ರೀತಿಯಲ್ಲೂ ಗಳಿಕೆಯಿದೆ. ತರಬೇತಿ ಕೊಡುತ್ತಿದ್ದ ಹೆಣ್ಣುಮಗಳು ಕುಣಿಯುವ ಮೊದಲು ಮೈ ಕಾಯಿಸುವುದು, ಉಸಿರು ಹಿಡಿಯುವುದು, ಮೊಣಕಾಲು ಕಾಪಾಡಿಕೊಳ್ಳುವುದು, ಜಿಗಿದಾಗ ಪಾದ ಹೇಗೆ ಊರಬೇಕು ಎಂಬುದನ್ನು ತಾಳ್ಮೆಯಿಂದ ಹೇಳುತ್ತಿದ್ದರು. ನಮ್ಮ ದೊಡ್ಡಾಟದ ವೀರರು ನಲವತ್ತಕ್ಕೇ ಮೊಣಕಾಲು ಹಿಡಿದು ಕೂತದ್ದನ್ನು ನೋಡಿದವನು ನಾನು. ಯಾರನ್ನೂ ಹೊಡೆಯದೆ, ಬೈಯದೆ ಹುಡುಗಿಯರಿಂದ ಕೆಲಸ ತೆಗೆಯುತ್ತಿದ್ದರು. ಗೋಕಾಕದ ಸತೀಶ ಶುಗರ್ಸ್ ಅವಾರ್ಡ್ಸ್ ಸ್ಪರ್ಧೆಗೆ, ಪ್ರತಿಭಾ ಕಾರಂಜಿಗೆ ಶಾಲೆ ಶಾಲೆಗಳಿಂದ ತಂಡಗಳು ತಯಾರಾಗುತ್ತವೆ. ದೊಡ್ಡ ಮೈದಾನದಲ್ಲಿ ಸಾವಿರಾರು ಜನರೆದುರು ಹಳ್ಳಿಯ ಹುಡುಗಿ ಕುಣಿದರೆ ತಂದೆ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ಹೊಡೆಯುತ್ತಾನೆ. ಶಾಲೆಯ ಬಾಗಿಲಿಗೆ ಬಂದು ಬೇಡಿಕೊಂಡಿದ್ದ ಆ ತಂದೆಯ ನೆನಪಾಗಿ ನನಗೆ ಅದು ಪವಾಡದಂತೆ ಕಾಣುತ್ತದೆ.

ಕೊರತೆಯೂ ಕಂಡಿತು, ಅದನ್ನು ಮುಚ್ಚಿಡುವುದಿಲ್ಲ. ಐದು ದಿನವೂ ಒಂದು ತಬಲಾ, ಒಂದು ಪೇಟಿ ಆ ಮಂಟಪಕ್ಕೆ ಬರಲಿಲ್ಲ. ಎಲ್ಲ ಸ್ಪೀಕರಿನ ಹಾಡಿಗೆ. ಸ್ಪೀಕರು ಕುಣಿಯುವವಳನ್ನು ಕಾಯುವುದಿಲ್ಲ. ಭಾಮವ್ವ ಒಂದು ನಿಲುವಿನಲ್ಲಿ ಎಷ್ಟು ಹೊತ್ತು ನಿಲ್ಲುತ್ತಾಳೋ ಅಷ್ಟು ಹೊತ್ತು ಪೇಟಿಯವನು ಅದೇ ಸ್ವರದಲ್ಲಿ ಕಾಯುತ್ತಿದ್ದ. ಆ ಕಾಯುವಿಕೆಯಲ್ಲೇ ಅಭಿನಯ ಹುಟ್ಟುತ್ತಿತ್ತು. ಇನ್ನೊಂದು, ಐದು ದಿನದಲ್ಲಿ ಭರತನಾಟ್ಯದ ಅಡವು, ಕಥಕ್ಕಿನ ಚಕ್ಕರು, ಪಾಶ್ಚಾತ್ಯ ಕುಣಿತ, ಜಾನಪದ ಎಂಬ ಹೆಸರಿನಲ್ಲಿ ಒಂದು ಡೊಳ್ಳಿನ ಹೆಜ್ಜೆ, ಎಲ್ಲವನ್ನೂ ಮುಟ್ಟಿಸಿದರು. ಕೌಜಲಗಿ ಅಷ್ಟು ಹತ್ತಿರವಿದ್ದರೂ ಪಾರಿಜಾತದ ಒಂದು ಸುತ್ತೂ ಅದರಲ್ಲಿರಲಿಲ್ಲ. ತರಬೇತುದಾರರಿಗೆ ಅದು ಗೊತ್ತಿಲ್ಲ, ಅದು ಅವರ ದೋಷವಲ್ಲ. ಅವರನ್ನು ಕರೆಸಿದ ನಮ್ಮೂರವರಿಗೆ ಗೊತ್ತಿತ್ತು.

ಇದೇ ಸತ್ಯಭಾಮೆ ಆಂಧ್ರದ ಕೂಚಿಪುಡಿಯಲ್ಲೂ ಇದ್ದಾಳೆ. ಭಾಮಾಕಲಾಪದ ಭಾಮೆಯಾಗಿ ಗಂಡಸರೇ ಹೆಣ್ಣುವೇಷ ಹಾಕಿ ಆಡಿದ ಪರಂಪರೆ ಅದು. ಆ ಪಾತ್ರಕ್ಕೆ ಹೆಸರಾದ ವೇದಾಂತಂ ಸತ್ಯನಾರಾಯಣ ಶರ್ಮರಿಗೆ ಪದ್ಮಶ್ರೀ ಬಂತು, ಒಂದು ಹಳ್ಳಿಯ ಆಟ ಶಾಸ್ತ್ರೀಯ ನೃತ್ಯವೆನಿಸಿ ವಿಶ್ವವಿದ್ಯಾಲಯಗಳಲ್ಲಿ ಪಾಠವಾಯಿತು. ಅಲ್ಲಿನವರು ತಮ್ಮ ಭಾಮೆಗೆ ಮನೆ ಕಟ್ಟಿಕೊಟ್ಟರು. ನಮ್ಮ ಭಾಮೆಯಲ್ಲಿ ಅದಕ್ಕಿಂತ ಕಡಿಮೆಯದು ಏನೂ ಇರಲಿಲ್ಲ. ಅವಳನ್ನು ಆಡಿದವರು ಯಾರು ಎಂಬುದಕ್ಕೆ ನಾಚಿ ನಾವು ಅವಳನ್ನು ಬಯಲಲ್ಲೇ ಬಿಟ್ಟೆವು. ನನ್ನ ತಿಳಿವಳಿಕೆಯಲ್ಲಿ ಕಾರಣ ಇಷ್ಟೇ, ಸಿನಿಮಾ, ಟಿ.ವಿ. ಆಮೇಲೆ ಬಂದವು.

ಕೊನೆಯ ದಿನ ಎಲ್ಲರಿಗೂ ಪ್ರಮಾಣಪತ್ರ ಕೊಟ್ಟರು. ಹಿರಿಯ ಕಲಾವಿದರೊಬ್ಬರು ನನ್ನ ಪಕ್ಕ ಕೂತು “ಐದ ದಿನಕ್ಕ ಸರ್ಟಿಫಿಕೇಟ ಅಂತ” ಎಂದು ಹಗುರವಾಗಿ ಆಡಿದರು. ನಾನು ಒಪ್ಪಲಿಲ್ಲ. ಆ ಕಾಗದದ ಬೆಲೆ ನನಗೆ ಗೊತ್ತು. ಅದು ಇಲ್ಲದೆ ಸತ್ತವಳನ್ನು ನಾನು ಬಲ್ಲೆ. ಈ ಹುಡುಗಿಯರ ಹೆಸರು ಅದರಲ್ಲಿ ಅಚ್ಚಾಗಿ ಬಂದಿದೆ, ಸ್ವಂತ ಹೆಸರು, ಅಪ್ಪ ಅವ್ವ ಇಟ್ಟ ಹೆಸರು. ಇರಲಿ, ಇನ್ನೂ ಸಿಗಲಿ.

ಕಾರ್ಯಾಗಾರ ನಡೆಸುವ ಗೆಳೆಯರಲ್ಲಿ, ಬಾಗಲಕೋಟೆಯಲ್ಲಿರುವ ಬಯಲಾಟ ಅಕಾಡೆಮಿಯಲ್ಲಿ, ಗೋಕಾಕ ಮೂಡಲಗಿ ಹುಕ್ಕೇರಿಯ ಶಾಲೆ ಕಾಲೇಜುಗಳ ಮುಖ್ಯಸ್ಥರಲ್ಲಿ ನನ್ನದೊಂದು ಕೇಳಿಕೆ ಇದೆ. ಬೆಂಗಳೂರಿನವರನ್ನು ಕರೆಸಿ, ಬೇಡವೆನ್ನುವುದಿಲ್ಲ. ಅದರ ಜೊತೆಗೆ ಬೇಸಿಗೆ ಸೂಟಿಯಲ್ಲಿ ಒಂದು ತಿಂಗಳ ಪಾರಿಜಾತದ ತಾಲೀಮನ್ನು ಕೌಜಲಗಿಯಲ್ಲೋ ಕುಲಗೋಡದಲ್ಲೋ ಇಡಿ. ಹಾಡುವವರು, ಪೇಟಿಯವರು, ತಬಲಾದವರು ಎದುರಿಗೆ ಕೂತಿರಲಿ. ನಮ್ಮ ಹಳ್ಳಿಗಳಲ್ಲಿ ಆಡಿದ, ಹಾಡಿದ ಹಿರಿಯ ಹೆಣ್ಣುಮಕ್ಕಳು ಇನ್ನೂ ಕೆಲವರಿದ್ದಾರೆ. ಅವರು ಮನಸ್ಸು ಮಾಡಿದರೆ ಗೌರವದಿಂದ ಕರೆತನ್ನಿ, ಹೊರಗಿನ ತರಬೇತುದಾರರಿಗೆ ಕೊಡುವಷ್ಟೇ ಸಂಭಾವನೆ ಕೊಡಿ. ಅವರು ಒಲ್ಲೆ ಎಂದರೆ ಒತ್ತಾಯ ಮಾಡಬೇಡಿ. ಬಂದವರ ಹಾಡನ್ನು ಧ್ವನಿ ಮುದ್ರಿಸಿ, ಅವರ ಸ್ವಂತ ಹೆಸರು ಕೇಳಿ ಬರೆದುಕೊಳ್ಳಿ, ಮಕ್ಕಳಿಗೆ ಕೊಡುವ ಪ್ರಮಾಣಪತ್ರದ ಮೇಲೆ ಕಲಿಸಿದವರೆಂದು ಅದನ್ನು ಅಚ್ಚು ಹಾಕಿಸಿ, ಅದರ ಒಂದು ಪ್ರತಿಯನ್ನು ಅವರ ಕೈಗೂ ಕೊಡಿ. ಅವರೆಲ್ಲ ಈಗ ಎಪ್ಪತ್ತು ದಾಟಿದವರು. ಈ ಬೇಸಿಗೆಗೇ ಮಾಡಿ.